ಅಕ್ಕನನ್ನು ಕಪ್ಪು ಬಿಳುಪು ಮಾಡಿದರು

ಫೋಟೋಗಳ ವಿಷಯದಲ್ಲಿ ನಾನು ಬಹಳ ಕಾಲ ದಡ್ಡನಾಗಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟುವ ಮೊದಲು ಲೋಕಕ್ಕೆ ಬಣ್ಣವೇ ಇರಲಿಲ್ಲ ಎಂದು ನಂಬಿದ್ದವನು ನಾನು. ನಮ್ಮ ಸ್ಕೂಲಿನ ಗೋಡೆಯ ಮೇಲೆ ಚುಂಚನಕಟ್ಟೆಯ ಕಡೆ ಕಾಲುವೆ ತೋಡುತ್ತಿದ್ದ ಜನರ ಹಳೆಯ ಫೋಟೋ ಒಂದಿತ್ತು. ಬೂದು ಬಣ್ಣದ ಜನ, ಬೂದು ಬಣ್ಣದ ಮಣ್ಣು, ಬೂದು ಬಣ್ಣದ ಕಾವೇರಿ. ಆ ಜನ ನಮ್ಮ ಹಾಗೆಯೇ ಎಲೆ ಅಡಿಕೆ ಜಗಿದು ಕೆಂಪಗೆ ಉಗುಳಿರಬಹುದು, ಮೇಸ್ತ್ರಿಯ ಕಣ್ಣು ತಪ್ಪಿಸಿ ಮರದ ಹಿಂದೆ ಬೀಡಿ ಸೇದಿರಬಹುದು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅವರೆಲ್ಲ ಹಗಲೂ ರಾತ್ರಿ ದೇಶ ಕಟ್ಟುತ್ತಿದ್ದರು ಎಂದೇ ತಿಳಿದಿದ್ದೆ. ಕಪ್ಪು ಬಿಳುಪಿನ ಮಹಿಮೆಯೇ ಅಂಥದ್ದು. ಅದರಲ್ಲಿ ಸುಮ್ಮನೆ ಬಸ್ಸಿಗೆ ಕಾಯುತ್ತ ನಿಂತವನೂ ಸತ್ಯಾಗ್ರಹಕ್ಕೆ ಹೊರಟವನ ಹಾಗೆ ಕಾಣುತ್ತಾನೆ. ಅವನನ್ನೇ ಬಣ್ಣದಲ್ಲಿ ತೆಗೆಯಿರಿ, ನಮ್ಮ ಹಿತ್ತಿಲಿಗೆ ಕೋಳಿ ಬಿಡುವ ಪಕ್ಕದ ಮನೆಯವನಾಗಿಬಿಡುತ್ತಾನೆ. ಹರಿದ ಬಟ್ಟೆ ಬಣ್ಣದಲ್ಲಿ ಹರಿದ ಬಟ್ಟೆಯೇ, ಕಪ್ಪು ಬಿಳುಪಿನಲ್ಲಿ ಮಾತ್ರ ತ್ಯಾಗ. ಇದೆಲ್ಲ ಹೇಗಾದರೂ ಇರಲಿ, ನನಗೇನು ಎಂದು ಇದ್ದವನು ನಾನು. ನಮ್ಮ ಮನೆಯವರನ್ನೇ ಆ ಬೂದುಲೋಕಕ್ಕೆ ಸೇರಿಸಿದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ.

ನನ್ನ ಅಕ್ಕ ಜಯಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವ್ವ ಹೋದಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಅಂದಿನಿಂದ ನನ್ನನ್ನು ಸಾಕಿದವಳು ಅಕ್ಕ. ಅವಳ ಮದುವೆಯ ಮಾತು ಬಂದಾಗಲೆಲ್ಲ ಹನಗೋಡಿನ ಹತ್ತಿರದ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿರುತ್ತಿತ್ತು. 'ಸೊಪ್ಪು ಮುಗೀಲಿ, ನೋಡಾನ' ಎನ್ನುತ್ತಿದ್ದಳು. ಸೊಪ್ಪು ವರ್ಷವರ್ಷವೂ ಬರುತ್ತಿತ್ತು, ಮುಗಿಯುತ್ತಿರಲಿಲ್ಲ. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಯಲ್ಲಿ, ಬೆಂದು ಇಳಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ನಿಂಬೆಹಣ್ಣಿನ ಹಳದಿ, ಕಿತ್ತಳೆ, ಕಿತ್ತಳೆಯಲ್ಲೇ ಕೊಂಚ ಕಂದು, ಹೀಗೆ ನಮಗೆಲ್ಲ ಒಂದೇ ಎಂದು ಕಾಣುವುದು ಅವಳಿಗೆ ಐದಾರು ಬಣ್ಣ. ಬೆಂದ ಸೊಪ್ಪಿನಲ್ಲಿ ಹಸಿರು ಉಳಿದಿದ್ದರಂತೂ ಅವಳ ಬಾಯಿಗೆ ಸಿಕ್ಕಿದವರ ಗತಿ ಮುಗಿಯಿತು. 'ಏನ್ಲಾ ಇದು, ದನಕ್ಕಾಕಕ್ಕೆ ತಂದಿದ್ದೀಯಾ?' ಎಂದು ಎಲೆಯನ್ನು ನನ್ನ ಮುಖಕ್ಕೇ ಎಸೆದಿದ್ದಾಳೆ. ಆಗ ನನಗೆ ಮದುವೆಯಾಗಿ ಮಗನೂ ಇದ್ದ.

ವರ್ಷದ ಎಡೆ ಇಡುವುದಕ್ಕೆ ಒಂದು ದೊಡ್ಡ ಫೋಟೋ ಬೇಕಾಗಿತ್ತು. ನನ್ನ ಹೆಂಡತಿ ಭಾಗ್ಯ ತನ್ನ ಫೋನಿನಿಂದ ಅಕ್ಕನ ಒಂದು ಫೋಟೋ ಆರಿಸಿ ಹುಣಸೂರಿನ ಸ್ಟುಡಿಯೋದವನಿಗೆ ಕಳಿಸಿದಳು. ಅಕ್ಕ ಬ್ಯಾರನ್ನಿನ ಬಾಗಿಲಲ್ಲಿ ಸೊಪ್ಪಿನ ರಾಶಿಯ ಮಧ್ಯೆ ಕೂತು, ಕೈಯಲ್ಲಿ ಒಂದು ಎಲೆ ಹಿಡಿದು, ಯಾರನ್ನೋ ಬಯ್ಯಲು ಬಾಯಿ ತೆರೆದಿರುವ ಚಿತ್ರ. ಆ ಯಾರೋ ನಾನೇ. ಬಹಳ ಒಳ್ಳೆಯ ಫೋಟೋ. ಎರಡು ದಿನ ಬಿಟ್ಟು ತರಲು ಹೋದರೆ, ಸ್ಟುಡಿಯೋದ ಮಂಜ ಕಟ್ಟು ಹಾಕಿದ್ದ ಫೋಟೋವನ್ನು ಕಾಗದದಿಂದ ಬಿಡಿಸಿ ಮುಂದಿಟ್ಟ. ಅಕ್ಕ ಕಪ್ಪು ಬಿಳುಪಾಗಿದ್ದಳು. ಬಂಗಾರದಂಥ ಸೊಪ್ಪು ಒಲೆಯಿಂದ ತೋಡಿ ಸುರಿದ ಬೂದಿಯಂತಿತ್ತು.

'ಇದ್ಯಾಕಪ್ಪಾ ಹಿಂಗೆ? ನಾವು ಕಲರ್ ಕೊಟ್ಟಿದ್ವಲ್ಲ' ಎಂದೆ.

'ತೀರೋದೋರಿಗೆ ಇದೇ ಸಾರ್ ಸೂಟಾಗದು. ಕಲರ್‌ನಲ್ಲೇ ಬುಟ್ರೆ ಇನ್ನೂ ಬದುಕವ್ರೆ ಅನ್ನಂಗೆ ಕಾಣ್ತರೆ' ಎಂದ.

ನನಗೆ ಬೇಕಾಗಿದ್ದದ್ದು ಅದೇ ಎಂದು ಹೇಳಬೇಕಾಗಿತ್ತು. ನನ್ನ ಸಿಟ್ಟು ಯಾವಾಗಲೂ ಮನೆಯ ದಾರಿ ಹಿಡಿದ ಮೇಲೆ ಬರುತ್ತದೆ. ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕೂತು, ಮನಸ್ಸಿನಲ್ಲೇ ಮಂಜನನ್ನು ಚೆನ್ನಾಗಿ ಬೈದುಕೊಂಡೆ. ಬದುಕಿರುವವರಿಗೆ ಬಣ್ಣ, ಸತ್ತವರಿಗೆ ಬೂದು ಎಂದು ಇವನಿಗೆ ಹೇಳಿದವರು ಯಾರು? ಸತ್ತವರು ಅಷ್ಟು ಬೇಗ ಇತಿಹಾಸಕ್ಕೆ ಹೋಗಬೇಕೆಂದು ಯಾರಿಗೆ ಅವಸರ?

ಮನೆಯಲ್ಲಿ ಅವಸರ ಇನ್ನೂ ಜೋರಾಗಿತ್ತು. ಮೂರನೇ ಕ್ಲಾಸಿನ ಮೊಮ್ಮಗಳು ಸಿಂಚನ ಫೋಟೋ ನೋಡಿ, 'ತಾತ, ಇದು ರಾಜ್ರ ಕಾಲದ್ದಾ?' ಎಂದಳು. 'ನಮ್ಮ ದೊಡ್ಡಜ್ಜಿ ಕಣವ್ವ, ಹೋದ ವರ್ಷ ತೆಗ್ದಿದ್ದು' ಎಂದೆ. 'ಸುಳ್ಳು! ದೊಡ್ಡಜ್ಜಿ ಕಲರ್ ಇದ್ರು' ಎಂದು ಹೇಳಿ ಆಡಲು ಓಡಿದಳು. ಪಿರಿಯಾಪಟ್ಟಣದಿಂದ ಬಂದಿದ್ದ ನನ್ನ ಭಾಮೈದ ಕೈಕಟ್ಟಿ ನಿಂತು ಐದು ನಿಮಿಷ ನೋಡಿದ. 'ಏನ್ ಗಾಂಭೀರ್ಯ ಭಾವ! ಯಾವ್ದೋ ಚಳವಳೀಲಿ ಭಾಷಣ ಮಾಡ್ತಿರಂಗವ್ರೆ' ಎಂದ. ಬದುಕಿದ್ದಾಗ ಅಕ್ಕನ ಬಾಯಿಗೆ ಹೆದರಿ ನಮ್ಮ ಮನೆಯಲ್ಲಿ ಒಂದು ದಿನವೂ ಉಳಿಯದೆ ಹೋಗುತ್ತಿದ್ದವನು ಇವನೇ. ಈಗ ಫೋಟೋಗೆ ಕೈಮುಗಿದ. ಅಕ್ಕ ಮಾಡಿದ ಚಳವಳಿಯೆಂದರೆ ಪಕ್ಕದ ಮನೆಯ ಕೋಳಿಗಳ ವಿರುದ್ಧ ಮಾತ್ರ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಬೀದಿಯವರೂ ಬಂದು ಬಂದು ನೋಡಿದರು. ಅವಳು ಜೋರು ಬಾಯಿಯ ಹೆಂಗಸೆಂಬುದು ಎಲ್ಲರಿಗೂ ಮರೆತು, ಒಂದು ಮಾತೂ ಆಡದೆ ಎಲ್ಲವನ್ನೂ ಸಹಿಸಿದ ತಾಯಿಯಾಗಿಬಿಟ್ಟಳು. ಬಣ್ಣ ತೆಗೆದರೆ ಬಾಯಿಯೂ ಹೋಗುತ್ತದೆ ಎಂದು ನನಗೆ ಆಗ ತಿಳಿಯಿತು.

'ಬಣ್ಣದ್ದನ್ನೇ ತಿರುಗಿ ಮಾಡ್ಸಾನ, ಆ ಫೋಟೋ ಕೊಡು' ಎಂದು ಭಾಗ್ಯಳನ್ನು ಕೇಳಿದೆ.

'ಅಳಿಸ್ಬುಟ್ಟೆ ಕಣ್ರೀ. ಫೋನು ತುಂಬೋಗಿತ್ತು. ಸ್ಟುಡಿಯೋದೋನ ತಾವ ಇದ್ದೇ ಇರ್ತದಲ್ಲ ಅಂತ ಸುಮ್ನಾದೆ' ಎಂದಳು.

ಅವಳ ಫೋನು ತುಂಬಿದ್ದು ದಿನಾ ಬೆಳಿಗ್ಗೆ ಅವಳ ತಂಗಿಯರು ಕಳಿಸುವ ಶುಭೋದಯದ ಗುಲಾಬಿಗಳಿಂದ. ಆ ಗುಲಾಬಿಗಳಿಗೆ ಜಾಗವಾಗಲೆಂದು ಅಕ್ಕ ಹೊರಗೆ ಹೋಗಿದ್ದಳು. ಆ ಫೋಟೋ ಮೊದಲು ತೆಗೆದದ್ದು ಮಗನ ಫೋನಿನಲ್ಲಿ, ಆದರೆ ಆ ಫೋನು ಪಂಪ್‌ಸೆಟ್ಟಿನ ಗುಂಡಿಗೆ ಬಿದ್ದು ಆರು ತಿಂಗಳಾಗಿತ್ತು. ಮಾರನೆಯ ದಿನ ಬೂದು ಫೋಟೋ ಹಿಡಿದುಕೊಂಡು ಮಂಜನ ಬಳಿ ಓಡಿದೆ. ಅವನು ಬೂದು ಮಾಡಿದ ಚಿತ್ರವನ್ನು ಮೂಲದ ಮೇಲೆಯೇ ಸೇವ್ ಮಾಡಿ, ಬಣ್ಣದ್ದನ್ನು ಕಳೆದು ಕೂತಿದ್ದ. ಆದರೂ ಅವನಿಗೆ ಸ್ವಲ್ಪವೂ ಚಿಂತೆಯಿಲ್ಲ. 'ಟೆನ್ಷನ್ ತಗಬ್ಯಾಡಿ ಸಾರ್, ಈಗ ಕಂಪ್ಯೂಟರೇ ಯೋಚ್ನೆ ಮಾಡಿ ಬಣ್ಣ ಹಾಕ್ತದೆ' ಎಂದು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಅಕ್ಕನಿಗೆ ನಿಧಾನವಾಗಿ ಬಣ್ಣ ಬಂತು. ಕೆನ್ನೆ ಬೆಳ್ಳಗಾಯಿತು, ತುಟಿ ಕೆಂಪಗಾಯಿತು, ಸೀರೆ ಗುಲಾಬಿಯಾಯಿತು. ಅಷ್ಟನ್ನೂ ಸಹಿಸಿದೆ. ಆಮೇಲೆ ಅವಳ ಸುತ್ತಲಿನ ಸೊಪ್ಪು, ಕೈಯಲ್ಲಿದ್ದ ಎಲೆ, ಎಲ್ಲವೂ ಹಚ್ಚ ಹಸಿರಾಯಿತು. ಜೀವಮಾನವೆಲ್ಲ ಹಸಿರು ಎಲೆಯನ್ನು ಬೈದವಳು ದಂಟಿನ ಸೊಪ್ಪು ಮಾರುವವಳ ಹಾಗೆ ಕೂತಿದ್ದಳು.

ನನ್ನ ಸಿಟ್ಟು ಜೀವನದಲ್ಲಿ ಮೊದಲ ಸಲ ಮನೆಗೆ ಹೋಗುವವರೆಗೆ ಕಾಯಲಿಲ್ಲ. 'ಏನಯ್ಯಾ ಇದು! ಹುಣಸೂರಲ್ಲಿ ಹುಟ್ಟಿ ಬೆಂದಿರೋ ಸೊಪ್ಪಿನ ಬಣ್ಣ ಗೊತ್ತಿಲ್ವಾ ನಿಂಗೆ?' ಎಂದು ಕೂಗಿದೆ. ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದವರು ಎದ್ದು ನಿಂತರು.

'ನಂಗೊತ್ತು ಸಾರ್, ಕಂಪ್ಯೂಟರ್‌ಗೆ ಗೊತ್ತಿಲ್ಲ. ಅದ್ಕೆ ಎಲೆ ಅಂದ್ರೆ ಹಸ್ರೇಯ' ಎಂದ ಮಂಜ.

ಅವನ ಪಕ್ಕ ಕುರ್ಚಿ ಎಳೆದು ಕೂತೆ. ಒಂದು ಗಂಟೆ ಕಾಲ ಸೊಪ್ಪಿನ ಬಣ್ಣ ಹೇಳಿಕೊಟ್ಟೆ. ಇಲ್ಲಿ ನಿಂಬೆಹಣ್ಣು, ಅಲ್ಲಿ ಕಿತ್ತಳೆ, ಈ ಅಂಚಿನಲ್ಲಿ ಕೊಂಚ ಕಂದು, ಅದು ಜಾಸ್ತಿಯಾಯಿತು, ಕಡಿಮೆ ಮಾಡು. ರಾಶಿ ಬಂಗಾರವಾಗಿ ಎದ್ದು ನಿಂತಿತು, ಮುಖ ಕೈಗಳೂ ಅವಳ ಕಂದು ಬಣ್ಣಕ್ಕೆ ಬಂದವು. ಹಳೆಯ ಕಾಲವೆಂಬ ಬೂದಿಯಿಂದ ಅಕ್ಕನನ್ನು ನಾನೊಬ್ಬನೇ ಎಳೆದು ತಂದೆ ಎಂದು ಹೆಮ್ಮೆಯಾಯಿತು. ಮಂಜ ಬೆರಳು ನೆಟಿಗೆ ತೆಗೆದು ಕೇಳಿದ, 'ಸರಿ ಸಾರ್. ಈಗ ಅಮ್ಮಾರ ಸೀರೆ ಯಾವ್ ಕಲರ್?'

ಹೊರಗೆ ಬಂದು ಭಾಗ್ಯಳಿಗೆ ಫೋನು ಮಾಡಿದೆ. 'ನೀಲಿ ಇರ್ಬೇಕು' ಎಂದಳು. ಮಗನನ್ನು ಕೇಳಿದರೆ 'ಹಸ್ರು ಕಣಪ್ಪ, ಇಲ್ಲಾಂದ್ರೆ ಕೆಂಪು' ಎಂದ. ಸೀರೆಯನ್ನೇ ನೋಡೋಣವೆಂದರೆ, ಅಕ್ಕ ಉಡುತ್ತಿದ್ದ ಸೀರೆಗಳನ್ನೆಲ್ಲ ಅವಳ ಜೊತೆ ಸೊಪ್ಪು ವಿಂಗಡಿಸುತ್ತಿದ್ದ ಹೆಂಗಸರಿಗೆ ತಿಥಿ ಮುಗಿದ ಮೇಲೆ ಕೊಟ್ಟುಬಿಟ್ಟಿದ್ದೆವು. 'ನಾಳೆ ಹೇಳ್ತೀನಿ' ಎಂದು ಮಂಜನಿಗೆ ಹೇಳಿ ಊರಿಗೆ ಬಂದವನೇ ನೇರವಾಗಿ ಸಣ್ಣಮ್ಮನ ಮನೆಗೆ ಹೋದೆ. ಅಕ್ಕನ ಪಕ್ಕದಲ್ಲೇ ಮೂವತ್ತು ವರ್ಷ ಸೊಪ್ಪು ವಿಂಗಡಿಸುತ್ತ ಕೂತವಳು ಅವಳು. ಬೂದು ಫೋಟೋ ತೋರಿಸಿ, ಈ ಸೀರೆ ಯಾವ ಬಣ್ಣದ್ದು ಎಂದು ಕೇಳಿದೆ.

ಸಣ್ಣಮ್ಮ ಫೋಟೋ ನೋಡಲೂ ಇಲ್ಲ, ನನ್ನನ್ನೇ ನೋಡಿದಳು. 'ಬಣ್ಣ ಎಲ್ಲಿತ್ತು ಬುಡಿ ಅಣ್ಣಯ್ಯ' ಎಂದಳು. ಒಳಗೆ ಹೋಗಿ ಮಡಿಸಿಟ್ಟ ಸೀರೆಯೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. 'ಇದೇಯ ಅದು. ಸೊಪ್ಪಿಗೆ ಕೂತಾಗೆಲ್ಲ ಇದ್ನೇ ಉಡೋದು. ನಮಗ್ ಕೊಟ್ಟಾಗ್ಲೇ ಹಿಂಗಿತ್ತು. ಒಗ್ದು ಒಗ್ದು ಬೂದಿಯಂಗಾಗಿತ್ತು. ಒಂದೊಳ್ಳೆ ಸೀರೆ ತಗಳ್ಳಕ್ಕ ಅಂದ್ರೆ, ಸೊಪ್ಪಿಗೆ ಬಣ್ಣ ಬಂದ್ರೆ ಸಾಕು ಕಣೇ, ನಂಗ್ಯಾಕೆ ಅನ್ನೋದು. ನೀವು ನೋಡ್ಲಿಲ್ವಾ?'

ನಾನು ನೋಡಿರಲಿಲ್ಲ. ಪ್ರತಿ ವರ್ಷ ಅವಳು ಆರಿಸಿ ಕಟ್ಟಿದ ಸೊಪ್ಪನ್ನು ಹರಾಜಿಗೆ ಹಾಕಿ, ಅದರ ಬಣ್ಣವನ್ನು ನಾಲ್ಕು ಜನರ ಮುಂದೆ ಹೊಗಳಿಸಿಕೊಂಡು ಬರುತ್ತಿದ್ದವನು ನಾನು. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಮಡಿಕೆಯ ಒಳಗೆ ಎಲ್ಲೋ ಒಂದಿಷ್ಟು ಬಣ್ಣ ಉಳಿದಿತ್ತು. ಅದು ಹಸಿರೋ ನೀಲಿಯೋ ನನಗೆ ಹೇಳಲಾಗಲಿಲ್ಲ.

ಮಾರನೆಯ ದಿನ ಸ್ಟುಡಿಯೋಗೆ ಹೋಗಿ, ಸೀರೆಯನ್ನು ಮೊದಲು ಮಾಡಿದ್ದ ಹಾಗೇ ಬೂದಾಗಿ ಬಿಟ್ಟುಬಿಡು ಎಂದೆ. 'ಅವತ್ತೇ ಹೇಳಿದ್ನಲ್ಲ ಸಾರ್' ಎಂದು ಮಂಜ ಹಲ್ಲು ಬಿಟ್ಟ. ಬೈಯುವ ಮುಖ ನನಗಿರಲಿಲ್ಲ. ಅಲ್ಲಿಂದ ಹೊರಟು, ಎಡೆಗೆ ಇಡಲು ಅಂಗಡಿಯಲ್ಲಿದ್ದುದರಲ್ಲೇ ಕಣ್ಣು ಕುಕ್ಕುವ ಸೀರೆಯೊಂದನ್ನು ತಂದೆ. ಅದನ್ನು ಉಟ್ಟುಕೊಂಡು ಸೊಪ್ಪಿನ ಮುಂದೆ ಕೂರು ಎಂದಿದ್ದರೆ ಅಕ್ಕ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಳು.

ಎಡೆಯ ದಿನ ಬಂದವರೆಲ್ಲ ಫೋಟೋ ಹೊಸ ಫ್ಯಾಷನ್ನಿನಲ್ಲಿದೆ ಎಂದರು. ಸೊಪ್ಪು ಬಂಗಾರ, ಕೈ ಕಂದು, ಸೀರೆ ಮಾತ್ರ ಬೂದು. ಸಿಂಚನ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, 'ತಾತ, ದೊಡ್ಡಜ್ಜಿ ಸೀರೆಗೆ ಯಾಕೆ ಬಣ್ಣ ಇಲ್ಲ?' ಎಂದು ಎಲ್ಲರೆದುರೂ ಕೇಳಿದಳು.

'ಕಂಪ್ಯೂಟರ್‌ಗೆ ಗೊತ್ತಾಗಲಿಲ್ಲ ಕಣವ್ವ' ಎಂದೆ. ಪಾಪ, ಅದು ತಿರುಗಿ ಮಾತಾಡುವುದಿಲ್ಲ.