ಪೇಟೆಂಟ್ ಪರೀಕ್ಷಕನಿಗೆ ಹೆಣ್ಣು ನೋಡಿದ ಪ್ರಸಂಗಗಳು

ಡಾಕ್ಟರಿಗೆ, ಮೇಷ್ಟರಿಗೆ, ಬಸ್ ಕಂಡಕ್ಟರಿಗೆ ಇಂಥ ಫಜೀತಿ ಇರುವುದಿಲ್ಲ. ಕೆಲಸದ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ತಲೆಯಾಡಿಸುತ್ತಾರೆ. ನನ್ನ ಕೆಲಸ ಹಾಗಲ್ಲ. ವಿವರಿಸಲು ಬಾಯಿ ತೆರೆದರೆ ಒಂದು ಪ್ರಸಂಗ ಹುಟ್ಟಿಕೊಳ್ಳುತ್ತದೆ, ಮುಚ್ಚಿಕೊಂಡಿದ್ದರೆ ಇನ್ನೊಂದು.

ನಾನು ಚೆನ್ನೈನಲ್ಲಿ ಪೇಟೆಂಟ್ ಪರೀಕ್ಷಕ. ನಿಮ್ಮ ಮೊಬೈಲಿನೊಳಗೆ ನೆನಪಿಟ್ಟುಕೊಳ್ಳುವ ಮೆಮೊರಿ ಚಿಪ್ಪು ಇರುತ್ತದಲ್ಲ, ಅದು ನೆನಪಿಟ್ಟುಕೊಂಡದ್ದನ್ನು ಕೇಳಿದಾಗ ಹೊರಗೆ ಕಳಿಸಬೇಕು. ಹಾಗೆ ಸಿಗ್ನಲ್ ಕಳಿಸುವುದಕ್ಕೆಂದೇ ಅದರಲ್ಲೊಂದು ಪುಟಾಣಿ ಸರ್ಕ್ಯೂಟ್ ಇದೆ. ದೊಡ್ಡ ದೊಡ್ಡ ಕಂಪನಿಗಳು 'ನಾವು ಇದನ್ನು ಹೊಸ ಥರ ಮಾಡಿದ್ದೇವೆ' ಎಂದು ಅರ್ಜಿ ಹಾಕುತ್ತವೆ. ನಾನು ಹಳೆಯ ಕಾಗದಗಳನ್ನೆಲ್ಲ ಜಾಲಾಡಿ, 'ಇದು ಹೊಸದಲ್ಲ, ಮುಂಚೆಯೇ ಇದೆ' ಎಂದು ಬರೆದು ಕಳಿಸುತ್ತೇನೆ. ಇಷ್ಟೇ ಕೆಲಸ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದರೆ ನಮ್ಮ ತಾಳವಾಡಿ ಬೆಟ್ಟದಲ್ಲಿ ಒಬ್ಬರೂ ನಂಬುವುದಿಲ್ಲ.

ನಂಬದಿದ್ದರೆ ಬೇಡ ಎಂದು ಸುಮ್ಮನಿರಬಹುದಿತ್ತು. ಆದರೆ ಇದರಿಂದ ನನ್ನ ಮದುವೆಯೇ ನಿಂತುಹೋಗಿತ್ತು. ಜೊತೆಯಲ್ಲಿ ಓದಿದವರೆಲ್ಲ ಮಕ್ಕಳನ್ನು ಸ್ಕೂಲಿಗೆ ಸೇರಿಸುತ್ತಿದ್ದರು. ಅವ್ವ ದೀಪ ಹಚ್ಚುವಾಗಲೆಲ್ಲ ಬೀರೇಶ್ವರನಿಗೆ ನನ್ನ ವಯಸ್ಸು ನೆನಪಿಸುತ್ತಿದ್ದಳು. ಹೊರಗೆ ನಗುತ್ತಿದ್ದೆನಾದರೂ ಒಳಗೊಳಗೇ ನನಗೂ ಪುಕುಪುಕು ಶುರುವಾಗಿತ್ತು.

ಅವ್ವ ಹೇಳಿದ ಉದ್ಯೋಗ

ಮೊದಲ ಸಲ ಹೆಣ್ಣಿನ ಅಪ್ಪ ಗುಮಟಾಪುರದ ನಮ್ಮ ಮನೆಗೇ ಬಂದರು. ನಾನು ಆಗ ತಾನೇ ಬಸ್ಸಿಳಿದು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಅಪ್ಪ ಜಗಲಿಯಲ್ಲಿದ್ದ. ಆದರೆ ಅವನು ಮಾತಾಡುವುದು ಅಪರೂಪ, ಹಸುವಿನ ಜೊತೆ ಆಡುವಷ್ಟೂ ಮನುಷ್ಯರ ಜೊತೆ ಆಡುವುದಿಲ್ಲ. ಹಾಗಾಗಿ ನನ್ನ ಉದ್ಯೋಗದ ವಿವರಣೆ ಅವ್ವನ ಪಾಲಿಗೆ ಬಂತು.

"ಐದ ಏನ್ ಕೆಲ್ಸ ಮಾಡಾದು?" ಎಂದರು ಅವರು.

ಅವ್ವ ಹೆಮ್ಮೆಯಿಂದ ಹೇಳಿದಳು, "ದೊಡ್ ಆಪೀಸು ಕಣಪ್ಪ. ಯಾರಾರ ಏನಾರ ಒಸ್ದಾಗಿ ಮಾಡಿವಿ ಅಂತ ಮನು ಕೊಟ್ರೆ, ಇವ್ನು ಕುಂತ್ಕಂಡು ಎಲ್ಲಾನೂ ಓದಿ, ಆಗಕಿಲ್ಲ ಅಂತ ಬರ್ದು ಕಳಿಸ್ತನೆ." ನಮ್ಮ ಕಡೆ ಹುಡುಗನಿಗೆ ಐದ ಎನ್ನುವುದು, ಅರ್ಜಿಗೆ ತಮಿಳಿನವರಂತೆ ಮನು ಎಂದೇ ಹೇಳುವುದು.

"ಎಲ್ಲಾರ್ಗೂವಾ?"

"ಬೋ ಜನುಕ್ಕೆ. ಸುಮ್ ಸುಮ್ನೆ ಒಪ್ಪಾ ಐದ ಅಲ್ಲ ನಮ್ಮೋನು."

ಅವರು ಅಗಿಯುತ್ತಿದ್ದ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದರು. ಆಮೇಲೆ ಟವೆಲ್ಲು ಕೊಡವಿಕೊಂಡು ಎದ್ದರು.

"ಇದೇನ್ ಒಸ ಕೆಲ್ಸ ಅಲ್ಲ ಬುಡಿ. ನಾನು ಯಾವ್ ಆಪೀಸ್‌ಗ್ ಓದ್ರೂ ಅಲ್ಲಿರೋರೆಲ್ಲ ಇದ್ನೇ ಮಾಡಾದು."

ಅಟ್ಟಣೆಯ ಮೇಲಿನ ವಿಚಾರಣೆ

ಎರಡನೆಯ ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಅದನ್ನು ಕೆಡಿಸಿದ್ದು ಸಿಗ್ನಲ್.

ನಾನು ರಜೆಯಲ್ಲಿ ಊರಿಗೆ ಬಂದಿದ್ದಾಗ ನಮ್ಮ ಮೇಲಧಿಕಾರಿ ಫೋನ್ ಮಾಡಿ, ಮಧ್ಯಾಹ್ನ ಒಂದು ಅರ್ಜಿಯ ವಿಚಾರಣೆ ಇದೆ, ವೀಡಿಯೊದಲ್ಲಿ ನೀನೂ ಕೂತಿರು ಎಂದರು. ಸಿಗ್ನಲ್ ಕಳಿಸುವ ಸರ್ಕ್ಯೂಟಿನ ವಿಚಾರಣೆಗೆ ಕೂರೋಣವೆಂದರೆ ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ! ಪಕ್ಕದೂರು ತಿಗನಾರೆಯಲ್ಲಿ ನನ್ನ ಸೋದರಮಾವನ ಹೊಲವಿದೆ. ಅಲ್ಲಿ ಹಂದಿ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆಯ ಮೇಲೆ ಮಾತ್ರ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಲುಂಗಿಯ ಮೇಲೆ ಕೋಟು ಹಾಕಿಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡು ಹತ್ತಿ ಕೂತೆ. ಮಾವ ಕೆಳಗೆ ರಾಗಿ ಹೊಲದಲ್ಲಿದ್ದ.

ವಿಚಾರಣೆ ಇಂಗ್ಲಿಷಿನಲ್ಲಿ ನಡೆಯಿತು. ಕಂಪನಿಯ ವಕೀಲರು ಬಹಳ ಅಚ್ಚುಕಟ್ಟಾಗಿ ವಾದಿಸಿದರು. ಸಿಗ್ನಲ್ ತಂತಿಯಲ್ಲಿ ಹೋಗುತ್ತ ಹೋಗುತ್ತ ಮಂಕಾಗುತ್ತದೆ. ಅದಕ್ಕೇ ಅವರ ಸರ್ಕ್ಯೂಟು ಶುರುವಿನಲ್ಲೇ ಒಂದು ಸಲ ಜೋರಾಗಿ ತಳ್ಳಿ, ಆಮೇಲೆ ಮಾಮೂಲಿ ಬಲದಲ್ಲಿ ಕಳಿಸುತ್ತದಂತೆ. "ಜಗತ್ತಿನಲ್ಲಿ ಯಾರೂ ಈ ಉಪಾಯ ಮಾಡಿಲ್ಲ ಸರ್" ಎಂದರು.

ಅಷ್ಟರಲ್ಲಿ ಕೆಳಗಿನಿಂದ ಮಾವನ ದನಿ ಬಂತು. ಮೊದಲು ಮರವೇ ಅಲ್ಲಾಡುವಂತೆ ಒಂದು "ಓಓಓಯ್!" ಆಮೇಲೆ ಮಾಮೂಲಿ ದನಿಯಲ್ಲಿ, "ಅಂದಿ ಬಂದೋ ಕಣ್ಲಾ, ನಿನ್ನೊಲ್ದ ಕಡೀಕೇ ಬತ್ತಾವೆ." ಆಚೆ ಹೊಲದವನೂ ಹಾಗೆಯೇ ಮೊದಲು ಒಂದು ದೊಡ್ಡ "ಓಓಓಯ್!" ಹಾಕಿ, ಆಮೇಲೆ ಮೆಲ್ಲಗೆ "ಗೊತ್ತಾಯ್ತು" ಎಂದ. ನಮ್ಮ ಬೆಟ್ಟದಲ್ಲಿ ಹೊಲದಿಂದ ಹೊಲಕ್ಕೆ ಕೂಗುವುದೇ ಹೀಗೆ.

ಪರದೆಯ ಮೇಲೆ ಎಲ್ಲರೂ ಕಿವಿಯಿಂದ ಇಯರ್‌ಫೋನ್ ಕಿತ್ತರು. ಏನದು ಎಂದು ಮೇಲಧಿಕಾರಿ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಾಗಾದರೆ ಇವನ ಮಾವ ಮಾಡುತ್ತಿರುವುದೂ ನಿಮ್ಮ ಉಪಾಯವನ್ನೇ ಅಲ್ಲವೇ, ವಕೀಲರೇ?" ಎಂದರು ಅವರು, ನಗು ತಡೆದುಕೊಂಡು.

ವಕೀಲರು ತಟ್ಟನೆ ಕೈ ಎತ್ತಿದರು. "ಇಲ್ಲ ಸರ್! ಅದು ಹಂದಿಗೆ, ನಮ್ಮದು ಮೆಮೊರಿಗೆ. ಅದೇ ಬೇರೆ, ಇದೇ ಬೇರೆ!"

ವಕೀಲರೆಲ್ಲರ ಕೊನೆಯ ಅಸ್ತ್ರ ಇದು. ನಾವು ಯಾವ ಹಳೆಯದನ್ನು ಎತ್ತಿ ತೋರಿಸಿದರೂ, ಅವರದರಲ್ಲಿ ತಂತಿ ಎಡಕ್ಕಿದೆ, ನಮ್ಮದರಲ್ಲಿ ಬಲಕ್ಕಿದೆ, ಅದೇ ಬೇರೆ, ಇದೇ ಬೇರೆ ಎನ್ನುತ್ತಾರೆ. ನಾನು ಇಂಥ ವಾದಕ್ಕೆ ಬಗ್ಗಿದವನಲ್ಲ.

ಆದರೆ ಅದೇ ಹೊತ್ತಿಗೆ ಹೆಣ್ಣಿನ ಕಡೆಯವರೊಬ್ಬರು ಆ ದಾರಿಯಲ್ಲಿ ಬೈಕಿನಲ್ಲಿ ಹೋಗಿದ್ದರು. ಮಾರನೆಯ ದಿನವೇ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಕಾರಣ ಕೇಳಿದ್ದಕ್ಕೆ ಬಂದ ಉತ್ತರ ಇಷ್ಟು: "ಚೆನ್ನೈ ಕೆಲ್ಸ ಓಯ್ತು ಅಂತ ಕಾಣ್ತದೆ. ಐದ ಮರ ಅತ್ತಿ ಕುಂತ್ಕಂಡು ಅಂದಿ ಕಾಯ್ತಾವ್ನೆ. ಕಾಯ್ಲಿ ಬುಡಿ, ಅದುಕ್ಕೆ ಕೋಟ್ ಯಾಕಾಕಬೇಕು?"

ಬೇಲಿ ನೋಡುವ ಶಾಸ್ತ್ರ

ಮೂರನೆಯ ಕಡೆಗೆ ಹೊರಟಾಗ ಅವ್ವ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತ ಬಂದಳು. "ಬಾಯ್ ಬುಡಬ್ಯಾಡ. ಕೊಟ್ಟುದ್ದ ತಿನ್ನು, ಕೇಳುದ್ರೆ ಊಂ ಅನ್ನು."

ಉಪ್ಪಿಟ್ಟು ತಿಂದೆ. ಕೇಳಿದ್ದಕ್ಕೆಲ್ಲ ಹೂಂ ಅಂದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಹುಡುಗಿ ಕಾಫಿ ತರಲು ಒಳಗೆ ಹೋದಾಗ ಅವಳ ಅಪ್ಪ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ತೋಟದ ಬೇಲಿಗೆ ಒಂದು ಹಳೆಯ ಮೊಬೈಲ್ ಕಟ್ಟಿದ್ದರು. ತಂತಿಗೆ ಏನಾದರೂ ತಾಗಿದರೆ ಸಾಕು, ಅದರಿಂದ ಹುಲಿ ಗರ್ಜಿಸುತ್ತಿತ್ತು.

"ನಾನೇ ಮಾಡುದ್ದು. ನಮ್ ಸೀಮೆಲೇ ಯಾರೂ ಮಾಡಿಲ್ಲ. ನೀವು ಪೇಟೆಂಟ್‌ನೋರಂತಲ್ಲ, ಇದ್ಕೂ ಒಂದ್ ಕೊಡ್ಸಿ" ಎಂದರು. ಅವರ ಕಣ್ಣು ಮಿನುಗುತ್ತಿತ್ತು.

ಆಗ ಹೂಂ ಅನ್ನಬೇಕಿತ್ತು. ಅವ್ವ ಹೇಳಿಕೊಟ್ಟದ್ದೂ ಅದನ್ನೇ. ಆದರೆ ಹೊಟ್ಟೆಪಾಡಿನ ಅಭ್ಯಾಸ ಬಿಡಬೇಕಲ್ಲ! "ಇದು ಹೊಸದಲ್ಲ, ಮುಂಚೆಯೇ ಇದೆ" ಎಂದುಬಿಟ್ಟೆ. ಬರೀ ಅಂದಿದ್ದರೆ ಹೇಗೋ ತೇಪೆ ಹಾಕಬಹುದಿತ್ತು. ಮೊಬೈಲ್ ತೆಗೆದು ಎಲ್ಲೆಲ್ಲಿ ಇದೆ ಎಂದು ತೋರಿಸತೊಡಗಿದೆ. ಒಂದರಲ್ಲಂತೂ ಹುಲಿಯ ಜೊತೆಗೆ ನಾಯಿಯೂ ಬೊಗಳುತ್ತಿತ್ತು.

ನಾವು ಒಳಗೆ ಬಂದಾಗ ಕಾಫಿ ಬರಲಿಲ್ಲ. ಅವರು ಅವ್ವನಿಗೆ ಕೈಮುಗಿದು ಹೇಳಿದರು, "ಬ್ಯಾಡ ಕಣವ್ವ. ನನ್ ಮಗ್ಳು ನಾಳಿಕೆ ಅಕ್ಕರೆಯಿಂದ ಬಸ್ಸಾರ್ ಮಾಡಿ ಬಡ್ಸುದ್ರೆ, ಇದೂ ಮುಂಚೇನೇ ಅದೆ ಅಂದಾನು ನಿಮ್ ಮಗ."

ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಹುಲ್ಲಿನ ಮೀಸೆ

ನಾಲ್ಕನೆಯ ಹುಡುಗಿ ಚಾಮರಾಜನಗರದ ಕಡೆಯವಳು, ದನದ ಡಾಕ್ಟರು. ಅವರ ನೆಂಟರು ನಮ್ಮೂರಿನಲ್ಲೇ ಇದ್ದರು. ದೀಪಾವಳಿ ಮುಗಿದ ಮೇಲೆ ನಮ್ಮೂರಲ್ಲಿ ಗಂಡಸರೆಲ್ಲ ಸಗಣಿ ಎರಚಾಡುವ ಹಬ್ಬವಿದೆ. ಅದನ್ನು ನೋಡಲು ಬಂದಂತೆ ಬರುವುದು, ಹಾಗೆಯೇ ಹುಡುಗನನ್ನೂ ನೋಡುವುದು ಎಂದು ಮಾತಾಗಿತ್ತು. ಅವಳ ಫೋಟೋ ನೋಡಿದ್ದೆ. ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತ ನಗುತ್ತಿದ್ದಳು. ಮೊದಲ ಮೂರೂ ತಪ್ಪಿದಾಗ ನನಗೆ ಅಷ್ಟು ಬೇಜಾರಾಗಿರಲಿಲ್ಲ. ಇದು ತಪ್ಪಬಾರದು ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು.

ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದೆ. ಆಗ ಊರ ಯಜಮಾನರು ಬಂದರು. ಹಬ್ಬದಲ್ಲಿ ಮೊದಲು ಚಾಡಿಕೋರನ ಮೆರವಣಿಗೆ ಆಗಬೇಕು. ಊರವರ ಮೇಲೆ ಚಾಡಿ ಹೇಳುವವನ ವೇಷ ಅದು. ಹುಲ್ಲಿನ ಮೀಸೆ ಗಡ್ಡ ಕಟ್ಟಿ, ಕತ್ತೆ ಮೇಲೆ ಕೂರಿಸಿ, ಬಾಯಿಗೆ ಬಂದ ಹಾಗೆ ಬಯ್ಯುತ್ತ ಕೆರೆಯಿಂದ ಗುಡಿಗೆ ಕರೆತರುತ್ತಾರೆ. ಆ ವರ್ಷ ವೇಷ ಹಾಕಬೇಕಾದವನಿಗೆ ಸೊಂಟ ಹಿಡಿದುಕೊಂಡಿತ್ತು.

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವರ್ಸ ಪೂರ್ತಿ ಮಂದಿ ಮೇಲೆ ತಪ್ ಬರ್ದು ಮೇಲುಕ್ ಕಳ್ಸೋನು ನೀನು. ಅದುಕ್ಕೆ ಸಂಬ್ಳ ಬ್ಯಾರೆ ತಕ್ಕತೀಯೆ. ನಿನ್ ಬುಟ್ಟು ಇನ್ಯಾರ್ಲಾ ಕುಂತ್ಕಳೋರು?"

ದೇವರ ಕೆಲಸ. ಆಗುವುದಿಲ್ಲ ಎನ್ನುವಂತಿಲ್ಲ. ಅವ್ವ ಹಣೆ ಹಣೆ ಚಚ್ಚಿಕೊಂಡಳು.

ಕತ್ತೆ ಹೊರಟಿತು. ಊರಿಗೆ ಊರೇ ಬಯ್ಯುತ್ತಿತ್ತು. "ನನ್ ಬೇಲಿ ಒಸ್ದಲ್ಲ ಅಂದ್ಯಲ್ಲಾ!" ಎಂದು ಯಾರೋ ಒಬ್ಬರು ಎಲ್ಲರಿಗಿಂತ ಜೋರಾಗಿ, ಮನಸಾರೆ ಕೂಗಿದರು. ತಿರುಗಿ ನೋಡಿದರೆ ಹುಲಿ ಬೇಲಿಯವರು. ಹಬ್ಬ ನೋಡಲು ಬಂದವರಿಗೆ ಬಯ್ಯುವ ಯೋಗವೂ ಒಲಿದಿತ್ತು. ತಲೆಯೆತ್ತಿದೆ. ಗುಡಿ ಎದುರಿನ ತಾರಸಿಯ ಮೇಲೆ ಹೆಂಗಸರ ಸಾಲಿನಲ್ಲಿ ಫೋಟೋದ ಹುಡುಗಿ! ಮೀಸೆ ಮುಖ ಮುಚ್ಚಿದೆ, ಗುರುತು ಸಿಗಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವ್ವನೇ ಅವಳ ಪಕ್ಕದಿಂದ, "ನೆಟ್ಗೆ ಕುಂತ್ಕಳ್ಲಾ, ಬಿದ್ದೀಯೆ!" ಎಂದು ನನ್ನ ಹೆಸರು ಹಿಡಿದು ಕೂಗಿದಳು.

ಆಮೇಲೆ ಸಗಣಿ ಎರಚಾಟವೂ ಆಯಿತು. ಕೆರೆಯಲ್ಲಿ ಉಜ್ಜಿ ಉಜ್ಜಿ ಸ್ನಾನ ಮಾಡಿ, ಇನ್ನೇನು ಉಳಿದಿದೆ ಎಂದುಕೊಂಡು ಮನೆಗೆ ಬಂದೆ. ಅವರೆಲ್ಲ ಬಂದು ಕೂತಿದ್ದರು. ಹುಡುಗಿಯ ಮುಖ ಗಂಭೀರವಾಗಿತ್ತು.

"ಕತ್ತೆಗೆ ನೀರು ಕುಡಿಸಿದ್ರಾ?" ಎಂದಳು ಮೊದಲು.

"ಕುಡಿಸಿದೆ."

"ನಿಮ್ಮ ಕೆಲಸ ಏನು ಅಂತ ನಿಮ್ಮಮ್ಮ ಹೇಳಿದ್ರು. ನನ್ನ ನೋಡೋಕೆ ಬಂದ ಗಂಡುಗಳೆಲ್ಲ ಕಾರಲ್ಲೇ ಬಂದ್ರು. ಕತ್ತೆ ಮೇಲೆ ಬಂದೋರು ನೀವೊಬ್ಬರೇ. ಇದನ್ನ ಹೊಸದು ಅಂತ ಒಪ್ಪಬಹುದಾ?"

 ಒಪ್ಪಬಹುದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಮಾವ ಕಿಸಕ್ಕನೆ ನಕ್ಕ.

"ಒಸ್ದೆಲ್ಲಿ ಬಂತವ್ವ? ಮುಂಚೇನೇ ಅದೆ! ಇವ್ರಪ್ಪ ಕತ್ತೆ ಮೇಲ್ ಕುಂತಿದ್ದಾಗ್ಲೇ ನಮ್ಮಕ್ಕ ಗುಡಿ ಎದ್ರುಗಿರೋ ಅದೇ ತಾರಸಿ ಮೇಲಿಂದ ನೋಡಿ ಒಪ್ಪುದ್ದು!"

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಈ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಬದುಕಿನಲ್ಲಿ ಮೊದಲ ಸಲ ಹುಡುಕದೆಯೇ ಒಪ್ಪಲು ಹೊರಟಿದ್ದ ಅರ್ಜಿ ಕಣ್ಣೆದುರೇ ಬಿದ್ದುಹೋಗುತ್ತಿತ್ತು.

ಆಗ ಅಪ್ಪ ಗಂಟಲು ಸರಿಮಾಡಿಕೊಂಡ. ಅಂದು ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು.

"ಸುಮ್ನಿರ್ಲಾ. ಎಲ್ಡೂ ಎಂಗ್ ಒಂದೇ ಆಯ್ತದೆ? ನಂದು ಬೆಳ್ ಕತ್ತೆ, ಇವುಂದು ಬೂದಿ ಬಣ್ಣುದ್ದು. ಅದೇ ಬ್ಯಾರೆ, ಇದೇ ಬ್ಯಾರೆ."

ಇಂಥ ವಾದ ಹೂಡಿದ ವಕೀಲರನ್ನು ನಾನು ಇವತ್ತಿನವರೆಗೂ ಸುಮ್ಮನೆ ಬಿಟ್ಟಿಲ್ಲ. ಅವತ್ತು ಮಾತ್ರ ಬಿಟ್ಟುಬಿಟ್ಟೆ. ಹುಡುಗಿ ನನ್ನ ಅಪ್ಪನ ಕಡೆ ತಿರುಗಿ ತಲೆಯಾಡಿಸಿದಳು.

"ನೀವು ಹೇಳಿದ್ದು ಸರಿ ಮಾವ. ಬಣ್ಣ ಬೇರೆ ಅಂದ್ರೆ ಕತ್ತೆ ಬೇರೇನೇ. ಬೇಕಾದ್ರೆ ದನದ ಡಾಕ್ಟರಾಗಿ ನಾನೇ ಸರ್ಟಿಫಿಕೇಟ್ ಬರೆದುಕೊಡ್ತೀನಿ."