ಪಿಸುಗುಟ್ಟುವ ಇಂಗ್ಲಿಷ್

ಮೈಸೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಲೈಬ್ರರಿಯನ್. "ಲೈಬ್ರರೀಲಿ ಏನಮ್ಮ ನಡೆಯತ್ತೆ, ಧೂಳು ಕೊಡವಿಕೊಂಡು ಕೂತಿರ್ತೀಯ ಅಷ್ಟೇ" ಅಂತಾರೆ ನಮ್ಮತ್ತೆ. ಒಂದು ದಿನ ಬಂದು ಕೂತು ನೋಡಲಿ. ಅದರಲ್ಲೂ ಇಂಗ್ಲಿಷ್ ಕಲಿಯೋಕೆ ಅಂತ ಯಾರಾದರೂ ಒಳಗೆ ಕಾಲಿಟ್ಟರೆ ಮುಗೀತು, ಅವತ್ತಿನ ನನ್ನ ಕೆಲಸ ಕೆಟ್ಟ ಹಾಗೇ.

ಕರಡಿಗೆ ಜ್ವರ

ಹೋದ ವರ್ಷ ಒಬ್ಬಳು ಬಂದಳು. ಕೊನೇ ವರ್ಷದ ಬಿಕಾಂ, ಮಂಡಕಳ್ಳಿ ಪಕ್ಕದ ಹಳ್ಳಿ, ಬೇಸಾಯದ ಮನೆ. ಚಿಕ್ಕಂದಿನಿಂದ ಅಲ್ಲಿನ ಏರ್‌ಪೋರ್ಟಿನ ಕಾಂಪೌಂಡಿನ ಆಚೆ ನಿಂತೇ ವಿಮಾನ ನೋಡಿದವಳು. ಒಂದಲ್ಲ ಒಂದು ದಿನ ಒಳಗಿನ ಕೌಂಟರಿನಲ್ಲಿ ಕೂತೇ ತೀರಬೇಕು ಅನ್ನೋದು ಅವಳ ಹಟ. ಆ ಕೆಲಸದ ಇಂಟರ್‌ವ್ಯೂ ಪೂರ್ತಿ ಇಂಗ್ಲಿಷಿನಲ್ಲಿ.

"ಮೇಡಂ, ಎಂಗಾದ್ರೂ ಮಾಡಿ ನಂಗೆ ಇಂಗ್ಲಿಷ್ ಬರ್ಸಿಬುಡಿ" ಅಂದಳು, ನಾನೇನೋ ಕಷಾಯ ಕುಡಿಸ್ತೀನಿ ಅನ್ನೋ ಹಾಗೆ.

ಮಕ್ಕಳ ಕಥೆಪುಸ್ತಕದಿಂದ ಶುರು ಮಾಡು ಅಂತ ಒಂದು ಕರಡಿ ಕಥೆ ಕೊಟ್ಟೆ. ಅವಳಿಗೆ ನಾಚಿಕೆ. ದಪ್ಪನೆಯ ಅರ್ಥಶಾಸ್ತ್ರದ ಪುಸ್ತಕದೊಳಗೆ ಅದನ್ನಿಟ್ಟುಕೊಂಡು ಓದೋಳು. ಅರ್ಥಶಾಸ್ತ್ರದ ಮೇಷ್ಟ್ರಿಗೆ ಹೊರಗಿನ ದಪ್ಪ ಪುಸ್ತಕ ಮಾತ್ರ ಕಣ್ಣಿಗೆ ಬಿತ್ತು. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ, ತಮ್ಮ ಕ್ಲಾಸನ್ನೇ ಕರ್ಕೊಂಡು ಬಂದುಬಿಟ್ಟರು. "ನೋಡಿ ಕಲೀರೋ. ಹೇಳಮ್ಮ, ಯಾವ ಅಧ್ಯಾಯ ಓದ್ತಿದೀಯ?"

ಹುಡುಗಿ ಎದ್ದು ನಿಂತು ಇದ್ದದ್ದು ಇದ್ದ ಹಾಗೇ ಹೇಳಿದಳು. "ಕರಡಿಗೆ ಜ್ವರ ಬಂದದೆ ಸಾರ್."

ಮೇಷ್ಟ್ರು ಪುಸ್ತಕ ಇಸ್ಕೊಂಡು ನೋಡಿದರು, ನಿಂತಲ್ಲೇ ಪುಟ ತಿರುವಿದರು. ಅಷ್ಟರಲ್ಲಿ ಬೆಲ್ ಹೊಡೀತು. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯೋದಕ್ಕೇ ಕಾದಿದ್ದರು. "ಮೇಡಂ, ಆ ಕರಡಿ ಹುಷಾರಾಯ್ತಾ?"

ಮೊದಲು ಹವಾಮಾನ

ಪುಸ್ತಕ ಓದಿದರೆ ಸಾಕೇ, ಮಾತಾಡಬೇಕಲ್ಲ. ನಮ್ಮಲ್ಲಿ ದಿನಾ ಇಂಗ್ಲಿಷ್ ಪೇಪರ್ ಓದೋಕೆ ಬರೋ ಒಬ್ಬರು ಅಜ್ಜಿ ಇದ್ದಾರೆ. ಇದೇ ಕಾಲೇಜಿನ ಹಳೇ ವಿದ್ಯಾರ್ಥಿನಿ, ರಿಟೈರ್ಡ್ ಲಾಯರ್, ತಾತ ಅರಮನೆ ಸೇವೆಯಲ್ಲಿದ್ದರಂತೆ. ಅವರಿಗೆ ಇವಳನ್ನ ಗಂಟು ಹಾಕಿದೆ.

ತೊಂದರೆ ಅಂದರೆ ಹುಡುಗಿಯ ಗಂಟಲು. ವಿಮಾನ ಏರೋ ಸದ್ದಿನಲ್ಲೂ ಹೊಲದಲ್ಲಿರೋ ಅಮ್ಮನಿಗೆ ಕೇಳಿಸೋ ಹಾಗೆ ಕೂಗಿ ಬೆಳೆದವಳು. ಬಾಯಿ ತೆಗೆದರೆ ರೀಡಿಂಗ್ ರೂಮಿಗೆ ರೂಮೇ ತಲೆ ಎತ್ತೋದು. ನಾನು ಮೇಜು ಕುಟ್ಟಿ "ಸೈಲೆನ್ಸ್ ಪ್ಲೀಸ್!" ಅಂತ ಗುಡುಗೋಳು. ಹಾಗಾಗಿ ಪಾಠವೆಲ್ಲ ಪೇಪರಿನ ಮರೆಯಲ್ಲಿ, ಪಿಸುಮಾತಿನಲ್ಲಿ.

ಯಾರನ್ನೇ ಮಾತಾಡಿಸಿದರೂ ಮೊದಲು ಹವಾಮಾನ ವಿಚಾರಿಸಬೇಕು, ಅದು ಮರ್ಯಾದೆ ಅಂತ ಅಜ್ಜಿಯ ಮೊದಲ ಪಾಠ. ಸರಿ, ಪುಸ್ತಕ ವಾಪಸ್ ಕೊಡೋಕೆ ಬಂದವಳು ನನ್ನ ಮುಂದೆ ನಿಂತು, ಚಾಮುಂಡಿ ಬೆಟ್ಟದ ಮೇಲಿನ ಮೋಡ, ಗಾಳಿ, ಸಂಜೆ ಮಳೆಯ ಸಂಭವ, ಎಲ್ಲವನ್ನೂ ಇಂಗ್ಲಿಷಿನಲ್ಲಿ ನಿಧಾನಕ್ಕೆ ಪಿಸುಗುಟ್ಟಿದಳು. ಪುಸ್ತಕ ಇನ್ನೂ ಕಂಕುಳಲ್ಲೇ.

ಹಿಂದೆ ಸಾಲಿನಲ್ಲಿದ್ದವನು ಕೈ ಮುಗಿದ. "ಮೋಡ ಅಲ್ಲೇ ಇರತ್ತೆ ಕಣಮ್ಮ, ನನ್ನ ಬಸ್ಸು ಇರಲ್ಲ."

ಒಳಗೆ ಏನಾಯ್ತು?

ಇಂಟರ್‌ವ್ಯೂ ದಿನ ಧೈರ್ಯಕ್ಕೆ ಅಂತ ನಾನೂ ಜೊತೆಗೆ ಹೋಗಿ ಹೊರಗೆ ಕೂತೆ. ಇವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಸದ್ದೇ ನಿಂತುಹೋಯ್ತು. ಟೀ ಕೊಡೋಕೆ ಹೋಗಿದ್ದವನು ತುದಿಗಾಲಲ್ಲಿ ಆಚೆ ಬಂದ. "ಎಲ್ಲಾರೂ ಪಿಸಪಿಸ ಅಂತವ್ರೆ ಮೇಡಂ. ಯಾರ್ಗಾದ್ರೂ ಏನಾರ ಆಗೋಯ್ತಾ?"

ಆಗಿದ್ದು ಇಷ್ಟೇ. ಇಂಗ್ಲಿಷನ್ನ ಪಿಸುಮಾತಿನಲ್ಲೇ ಕಲಿತವಳಿಗೆ ಅದು ಪಿಸುಮಾತಿನಲ್ಲೇ ಬಂತು. ಪ್ರಶ್ನೆ ಕೇಳೋರಿಗೂ ಅದೇ ಅಂಟಿಕೊಂಡಿತ್ತು. ಉತ್ತರ ಚೆನ್ನಾಗಿದೆ, ಆದರೆ ಪ್ರಯಾಣಿಕರಿಗೆ ಕೇಳಿಸಬೇಕಲ್ಲ, ಮುಂದಿನ ವಾರ ಇನ್ನೊಂದು ಸಲ ನೋಡ್ತೀವಿ, ಅದೇ ಕೊನೆ ಅಂದರಂತೆ.

ಬಸ್ಸಿನಲ್ಲಿ ಕೂತು ಕನ್ನಡದಲ್ಲಿ ಅಳೋಕೆ ಶುರು ಮಾಡಿದಳು ನೋಡಿ, ಡ್ರೈವರ್ ಬ್ರೇಕ್ ಹಾಕಿಬಿಟ್ಟ. ಕಂಡಕ್ಟರ್ ವಿಷಯ ಕೇಳಿಕೊಂಡು ನನ್ನ ಕಡೆ ತಿರುಗಿದ. "ಈ ಗಂಟಲು ಕೇಳಿಸ್ಲಿಲ್ಲ ಅಂದ್ರಾ? ಅವರೇ ಡಾಕ್ಟರಿಗೆ ಕಿವಿ ತೋರಿಸ್ಕೊಬೇಕು ಕಣ್ರೀ."

ಮೇಜು ಕುಟ್ಟಿದ್ದು

ಆ ವಾರ ಪೂರ್ತಿ ಲೈಬ್ರರಿ ಹಿಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿ "ಕೂಗೇ, ಕೂಗೇ" ಅಂದೆ. ಇಂಗ್ಲಿಷ್ ಬಂದ ತಕ್ಷಣ ಧ್ವನಿ ಇಳಿದುಹೋಗೋದು. ಅಜ್ಜಿಯೂ ಕೈ ಚೆಲ್ಲಿದರು. ಎರಡನೇ ಸಲ ಒಬ್ಬಳೇ ಹೋದಳು.

ಸಂಜೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಇಂಟರ್‌ವ್ಯೂ ಮಾಡೋ ಮೂವರೂ ತಮ್ಮತಮ್ಮಲ್ಲೇ ಏನೋ ಹರಟ್ತಿದ್ದರಂತೆ. ಅವರಲ್ಲೊಬ್ಬರು, "ಯಾವುದಾದರೂ ಸರಿ, ಜೋರಾಗಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಮ್ಮ" ಅಂದರಂತೆ.

"ಜೋರಾಗಿ ಏಳೋ ಇಂಗ್ಲಿಷು ನಾನು ಕೇಳಿರೋದೇ ಒಂದು ಮೇಡಂ, ನಿಮ್ದು" ಅಂದಳು. "ಮೇಜು ಕುಟ್ಟಿ, ಸೈಲೆನ್ಸ್ ಪ್ಲೀಸ್ ಅಂದ್ಬುಟ್ಟೆ."

"ಅಯ್ಯೋ, ಆಮೇಲೆ?"

"ಮೂರು ಜನಾನೂ ಕೈ ಕಟ್ಕೊಂಡು ಕೂತ್ರು. ಗಂಟಲು ಬುಟ್ಕೊಂಡಿತ್ತಲ್ಲ, ಅದೇ ಜೋರಲ್ಲಿ ಬೆಟ್ಟದ ಮೋಡದಿಂದ ಹಿಡಿದು ಎಲ್ಲಾ ಹೇಳ್ಬುಟ್ಟೆ."

"ಅವರೇನಂದ್ರೇ?"

"ಆಮೇಲೆ ಒಬ್ರು ಮೆಲ್ಲಗೆ ಕೈ ಎತ್ತಿ, ಪಿಸುಗುಟ್ಟಿಕೊಂಡು, ಯಾವತ್ತಿಂದ ಕೆಲಸಕ್ಕೆ ಬರ್ತೀರಿ ಅಂದ್ರು."

"ಸಿಕ್ತೇನೇ!" ಅಂತ ಕಿರುಚಿ ಅವಳನ್ನ ತಬ್ಬಿಕೊಂಡೆ. ಪೇಪರಿನ ಹಿಂದಿನಿಂದ ಅಜ್ಜಿ ಮೇಜು ಕುಟ್ಟಿದರು. "ಸೈಲೆನ್ಸ್ ಪ್ಲೀಸ್."