ಅವ್ವನನ್ನು ಶರಣೆ ಮಾಡಿದ ದವಡೆ ಹಲ್ಲಿಗೆ

ಎಡ ಕೆಳದವಡೆಯ ಕೊನೆಯಲ್ಲಿ ಬಹುಕಾಲ ವಾಸವಾಗಿದ್ದು, ಈಗ ಕ್ಲೋಸ್‌ಪೇಟೆ ಆಸ್ಪತ್ರೆಯ ಹಿತ್ತಿಲಲ್ಲಿ ವಿಶ್ರಾಂತಿ ಪಡೆಯುತ್ತಿರುವ ಶ್ರೀಮದ್ ಹುಳುಕು ಹಲ್ಲಿನವರ ಸನ್ನಿಧಾನಕ್ಕೆ, ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯ ದ್ರಾಕ್ಷಾಯಿಣಿಯ ಶರಣಾರ್ಥಿಗಳು.

ಮಾನ್ಯರೇ,

ನಾನು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳು; ದೊಡ್ಡವರಿಗೆ ಬರೆಯುವ ಒಕ್ಕಣೆ ತಪ್ಪಿದ್ದರೆ ಮನ್ನಿಸಬೇಕು. ನಮ್ಮ ಅವ್ವ ರೇವಮ್ಮನವರಿಗೆ ಅರುಳುಮರುಳು ಹತ್ತಿ, ಹೆತ್ತ ಮಗಳಾದ ನನ್ನನ್ನೇ "ಅಕ್ಕಾ" ಎಂದು ಕರೆಯುತ್ತಿದ್ದ ಕಾಲದಲ್ಲಿ, ಗಂಡನ ಹೆಸರು, ಊರಿನ ಹೆಸರು, ಹಗಲು ರಾತ್ರಿಗಳೆಲ್ಲ ಅವರನ್ನು ಬಿಟ್ಟುಹೋದರೂ ತಾವೊಬ್ಬರು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಿರಿ. ಅಂಥ ನಿಷ್ಠೆಯನ್ನು ಹೊಗಳದೆ ದೂರಿಗೆ ಇಳಿಯುವುದು ಮರ್ಯಾದೆಯಲ್ಲ.

ತಾವು ಎಷ್ಟು ಗುಟ್ಟಾಗಿ ಕೆಲಸ ಮಾಡಿದಿರಿ! ಹಲ್ಲುಜ್ಜಲೆಂದು ನಾನು ಬೆಳಗ್ಗೆ ಅಂಗೈಗೆ ಹಾಕುತ್ತಿದ್ದ ಬೂದಿಯನ್ನು ಅವ್ವ ಬಾಯಿಗೆ ಒಯ್ಯುವುದನ್ನೇ ಮರೆತು, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಳ್ಳತೊಡಗಿದರು. ಎದುರುಮನೆಯ ಬೋರಮ್ಮ ಅದನ್ನು ಕಂಡು, "ನೋಡವ್ವ, ಬುದ್ಧಿ ಹೋದ್ರೂ ಸಿವ ಹೋಗಿಲ್ಲ" ಎಂದು ಕೈಮುಗಿದರು. ಅಲ್ಲಿಗೆ ಹಲ್ಲುಜ್ಜುವುದು ಮುಗಿದು ಭಕ್ತಿ ಶುರುವಾಯಿತು.

ಮುಂದೆ ಅವ್ವ ಬಿಸಿ ಮುದ್ದೆ ಕಂಡರೆ ಮುಖ ತಿರುಗಿಸಿ, ತುತ್ತಿಟ್ಟರೆ ಉಗಿದು, ಕೊನೆಗೆ ಊಟದ ತಣಿಗೆಯನ್ನೇ ತಳ್ಳಿದಾಗಲೂ ತಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರುಂಟೆ? "ನುಂಗೋಕೆ ಹಲ್ಲ್ಯಾಕಮ್ಮಿ? ಅವ್ವ ಮುದ್ದೆ ಬುಟ್ಟವ್ಳೆ, ಲಿಂಗದ ಕಡೆ ಹೊಂಟವ್ಳೆ" ಎಂದು ನನ್ನ ಅಣ್ಣ ಚನ್ನಲಿಂಗಪ್ಪ ಜಗಲಿಯ ಮೇಲೆ ಕೂತು ಸಾರಿದನು. ಸುತ್ತಲ ಹಳ್ಳಿಗಳಿಂದ ಜನ ತೆಂಗಿನಕಾಯಿ ಹಿಡಿದು ಬಂದರು. ಆಶೀರ್ವಾದಕ್ಕೆಂದು ಬಗ್ಗಿದವರು ಅವ್ವನ ಬಾಯಿಂದ ತಮ್ಮ ವಾಸನೆ ಹೊಡೆದು ಹಿಂದೆ ಸರಿದರೂ, ಅದನ್ನು ತಪಸ್ಸಿನ ಕಾವೆಂದುಕೊಂಡು ಇನ್ನೊಮ್ಮೆ ಅಡ್ಡಬಿದ್ದರು. ಔಷಧಾಲಯದ ಡಾಕ್ಟರು ಬಾಯಿ ತೆಗೆಸಲು ಹೋಗಿ ಕಚ್ಚಿಸಿಕೊಂಡು, "ಅರುಳುಮರುಳಿಗೆ ಮದ್ದಿಲ್ಲಮ್ಮ" ಎಂದು, ತಂದಿದ್ದ ಮದ್ದನ್ನು ಸ್ವಂತ ಬೆರಳಿಗೇ ಹಚ್ಚಿಕೊಂಡು ಗಾಡಿ ಹತ್ತಿದರು.

ಅವ್ವ ಒಣಗುತ್ತಾ ಬಂದರು; ಭಕ್ತರು ಅದನ್ನು ತೇಜಸ್ಸು ಎಂದರು.

ಒಂದು ಬೆಳಗ್ಗೆ ತಲೆ ಬಾಚುತ್ತಿದ್ದಾಗ ಅವರು ನನ್ನ ಕೈಹಿಡಿದು, ನನ್ನ ಬೆರಳನ್ನು ಬಾಯೊಳಗೆ ತಾವಿದ್ದ ಜಾಗಕ್ಕೆ ಒತ್ತಿಕೊಂಡು, "ಅಕ್ಕಾ, ಇಲ್ಲಿ" ಎಂದರು. ಬೆರಳಿಗೆ ಕೀವು ಹತ್ತಿತು. "ವ್ರತ ಕೆಡಿಸ್ಬ್ಯಾಡ ಕಣಮ್ಮಿ, ಊರೋರು ಏನಂದಾರು" ಎಂದು ಅಡ್ಡನಿಂತ ಅಣ್ಣನೊಡನೆ ಜಗಳವಾಡಿ ಗಾಡಿ ಕಟ್ಟಿಸಿದೆ. ತಮ್ಮನ್ನು ಕೀಳಿಸಿಕೊಂಡು ಬಂದ ಮೇಲೆ ಅವ್ವ ಸೊಪ್ಪಿನ ಸಾರಿನಲ್ಲಿ ಅರ್ಧ ಮುದ್ದೆ ನುಂಗಿ, ಬೆರಳು ನೆಕ್ಕಿ, ಇನ್ನೊಂದು ಚೂರಿಗೆ ಕೈಚಾಚಿದರು. ಆದರೆ ತಾವು ಹೊರಟರೂ ತಾವು ಕುತ್ತಿಗೆಗೆ ಇಳಿಸಿದ್ದ ನಂಜು ಹೊರಡಲಿಲ್ಲ. ಆ ವಾರವೇ ಅವ್ವ ತೀರಿಕೊಂಡರು. "ಮಗ್ಳು ಮುದ್ದೆ ತಿನ್ಸಿ ವ್ರತ ಮುರುದ್ಬುಟ್ಳು, ಅದ್ಕೇ ಹೋದ್ಳು ಸರಣೆ" ಎಂದು ಬೋರಮ್ಮ ಮಣ್ಣು ಹಾಕುವಾಗಲೇ ತೀರ್ಪು ಕೊಟ್ಟರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಹೇಳಿಕೊಳ್ಳಲಾರದವರ ಬಾಯಲ್ಲಿ ಹುಳುಕುವ ಮುನ್ನ ತಮ್ಮ ಕುಲದವರು ಶಾನುಭೋಗರಿಗೆ ಅರ್ಜಿ ಕೊಟ್ಟು ಊರಲ್ಲಿ ತಮಟೆ ಹೊಡೆಸುವ ಕೃಪೆ ಮಾಡಬೇಕು. ಅದು ಕಷ್ಟವಾದರೆ, ಅಮಲ್ದಾರರಂಥ ದೊಡ್ಡ ಗಂಟಲಿನವರ ದವಡೆಯನ್ನೇ ಆರಿಸಿಕೊಳ್ಳಬೇಕು. ಅಲ್ಲಿ ತಮ್ಮ ಇರವು ತಾಲ್ಲೂಕಿಗೆಲ್ಲ ಒಂದೇ ಗಳಿಗೆಯಲ್ಲಿ ತಿಳಿಯುತ್ತದೆ.

ತಡವಾಗಿ ಪರಿಚಯವಾದ,
ತಮ್ಮ ವಿಶ್ವಾಸಿ,
ದ್ರಾಕ್ಷಾಯಿಣಿ

ಅಡಿಬರಹ: ನಿನ್ನೆ ಅಣ್ಣನ ಕೆನ್ನೆ ಊದಿಕೊಂಡು, ಅವನೂ ತಣಿಗೆಯನ್ನು ತಳ್ಳಿದನು. ಊರಿನವರು ಯಾರೂ ಬಾರದ್ದರಿಂದ ನಾನೇ ಒಂದು ಕಾಯಿ ತಂದು ಅವನ ಮುಂದಿಟ್ಟು ಅಡ್ಡಬಿದ್ದೆ. "ಹಲ್ಲು ಕಣಮ್ಮೀ, ಹಲ್ಲು! ಗಾಡಿ ಕಟ್ಸು!" ಎಂದು ಕಿರುಚಿದನು.